ಎರಡನೆಯ ಡಿಸ್ಕ್ ಯಾಕೆ ಬೇಕಾಯಿತು?

1981ರಲ್ಲಿ ಐಬಿಎಂ ಬಿಡುಗಡೆ ಮಾಡಿದ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಹೆಚ್ಚಿನ ಕೆಲಸವೆಲ್ಲ ಫ್ಲಾಪಿಯಲ್ಲೇ ನಡೆಯುತ್ತಿತ್ತು. 1983ರ ಮಾರ್ಚ್‌ನಲ್ಲಿ ಬಂದ ಎಕ್ಸ್‌ಟಿ ಮಾದರಿಯೊಳಗೆ 10 ಮೆಗಾಬೈಟ್‌ನ ಡಿಸ್ಕ್ ಬಂದು ಕೂತಿತು. ಇಂದಿನ ಮೊಬೈಲಿನ ಎರಡು ಮೂರು ಫೋಟೊಗಳಿಗೆ ಸಾಲುವಷ್ಟು ಜಾಗ ಅದು. ಆ ಡಿಸ್ಕು ತುಂಬಿದಾಗಲೇ ಎರಡನೆಯದರ ಯೋಚನೆ ಶುರುವಾಯಿತು. ಆದರೆ ಜೋಡಿಸುವುದು ಸುಲಭವಿರಲಿಲ್ಲ. ಎರಡು ಡಿಸ್ಕಿಗೂ ಹಾದುಹೋಗುವ 34 ತಂತಿಗಳ ಒಂದು ಕೇಬಲ್, ಪ್ರತಿಯೊಂದಕ್ಕೂ ಬೇರೆಯಾಗಿ 20 ತಂತಿಗಳ ಇನ್ನೊಂದು. ಸಾಲಿನ ಕೊನೆಯ ಡಿಸ್ಕಿನಲ್ಲಿ ಮಾತ್ರ ಸಂಕೇತದ ಮಾರ್ದನಿ ತಡೆಯುವ ಟರ್ಮಿನೇಟರ್ ಇರಬೇಕಿತ್ತು. ಆಮೇಲೆ ಫಾರ್ಮ್ಯಾಟ್ ಮಾಡುತ್ತಾ ಕಾಯಬೇಕಿತ್ತು.

1986ರ ಸುಮಾರಿಗೆ ವೆಸ್ಟರ್ನ್ ಡಿಜಿಟಲ್ ಮತ್ತು ಕಾಂಪ್ಯಾಕ್ ಸೇರಿ ರೂಪಿಸಿದ ಐಡಿಇ ವ್ಯವಸ್ಥೆ ನಿಯಂತ್ರಕವನ್ನು ಡಿಸ್ಕಿನೊಳಗೇ ಇಟ್ಟಿತು. 40 ತಂತಿಗಳ ಒಂದೇ ಪಟ್ಟಿ ಕೇಬಲ್‌ಗೆ ಎರಡು ಡಿಸ್ಕ್. ಯಾವುದು ‘ಮಾಸ್ಟರ್’, ಯಾವುದು ‘ಸ್ಲೇವ್’ ಎಂಬುದನ್ನು ಡಿಸ್ಕಿನ ಹಿಂಬದಿಯ ಪುಟ್ಟ ಜಂಪರ್ ತೀರ್ಮಾನಿಸುತ್ತಿತ್ತು. ಅದನ್ನು ತಪ್ಪಾಗಿ ಹಾಕಿದರೆ ಎರಡೂ ಡಿಸ್ಕ್ ಕಣ್ಮರೆಯಾಗಬಹುದಿತ್ತು. ಒಂದು ಕೇಬಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಡಿಸ್ಕ್ ಮಾತಾಡಬಲ್ಲದಾದ್ದರಿಂದ ಜೊತೆಯ ಡಿಸ್ಕಿಗೆ ಕಡತ ಕಾಪಿ ಮಾಡುವಾಗ ವೇಗ ಕುಸಿಯುತ್ತಿತ್ತು. ಹಾಗಾಗಿ ಬಲ್ಲವರು ಎರಡನೆಯ ಡಿಸ್ಕನ್ನು ಎರಡನೆಯ ಕೇಬಲ್‌ಗೇ ಹಾಕುತ್ತಿದ್ದರು.

ಇದಕ್ಕಿಂತ ವಿಚಿತ್ರವಾದ ತೊಡಕು, ಆಗಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್‌ನ ಡ್ರೈವ್ ಅಕ್ಷರಗಳದ್ದು. ಡಾಸ್ ಮೊದಲು ಪ್ರತಿ ಡಿಸ್ಕಿನ ಮುಖ್ಯ ಭಾಗವಾದ ಪ್ರೈಮರಿ ಪಾರ್ಟಿಷನ್‌ಗೆ ಅಕ್ಷರ ಕೊಡುತ್ತಿತ್ತು, ಉಳಿದ ಭಾಗಗಳ ಸರದಿ ಆಮೇಲೆ. ಒಂದೇ ಡಿಸ್ಕನ್ನು ಸಿ, ಡಿ ಎಂದು ಹಂಚಿಕೊಂಡಿದ್ದವರು ಹೊಸ ಡಿಸ್ಕ್ ಸೇರಿಸಿದ ಕೂಡಲೇ ಹೊಸದು ಡಿ ಆಗಿ, ಹಳೆಯ ಡಿ ಇ ಆಗುತ್ತಿತ್ತು. ಡಿಯಲ್ಲಿ ಸ್ಥಾಪಿಸಿದ್ದ ತಂತ್ರಾಂಶಗಳಿಗೆ ತಮ್ಮ ಕಡತಗಳೇ ಸಿಗುತ್ತಿರಲಿಲ್ಲ. ಹೊಸ ಡಿಸ್ಕಿನಲ್ಲಿ ಪ್ರೈಮರಿಯನ್ನೇ ಮಾಡದಿರುವುದು ಅದಕ್ಕೆ ಮದ್ದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸುತ್ತಿದ್ದ ತಲೆಮಾರು ಇಂಥ ಸಂಗತಿಗಳನ್ನು ಪುಸ್ತಕದಿಂದಲ್ಲ, ಕೈಕೆಲಸದಿಂದ ಕಲಿತಿತು. ಆ ಕಲಿಕೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ.

2003ರಲ್ಲಿ ಸಾಟಾ ಎಂಬ ಹೊಸ ಜೋಡಣೆ ಬಂದು ಜಂಪರನ್ನು ಅಳಿಸಿಹಾಕಿತು. ಒಂದು ತೆಳು ಕೇಬಲ್, ಒಂದು ಡಿಸ್ಕ್. ಜಾಗದ ಸಮಸ್ಯೆಯೂ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು, ಏಕೆಂದರೆ 2007ರ ಹೊತ್ತಿಗೆ ಒಂದೇ ಡಿಸ್ಕ್ 1 ಟೆರಾಬೈಟ್ ಮುಟ್ಟಿತ್ತು.

ಹಾಗಿದ್ದರೂ ಜನ ಹಲವು ಡಿಸ್ಕ್ ಜೋಡಿಸುವುದನ್ನು ಬಿಡಲಿಲ್ಲ. ಇದಕ್ಕೆ ಕಾರಣ ಹುಡುಕಲು 1988ಕ್ಕೆ ಹೋಗಬೇಕು. ಆ ವರ್ಷ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಪ್ರಕಟಿಸಿದ ಪ್ರಬಂಧ ‘ರೇಡ್’ ಪದ್ಧತಿಗೆ ಹೆಸರು ಕೊಟ್ಟಿತು. ಮೇನ್‌ಫ್ರೇಮ್‌ನ ದುಬಾರಿ ಡಿಸ್ಕಿನ ಬದಲು ಪಿಸಿಗಳ ಅಗ್ಗದ ಡಿಸ್ಕುಗಳನ್ನೇ ಗುಂಪಾಗಿ ದುಡಿಸಬಾರದೇಕೆ ಎಂಬುದು ಅವರ ಪ್ರಶ್ನೆ. ಅವರ ಎದುರಿಗಿದ್ದ ಲೆಕ್ಕ ನಿಷ್ಠುರವಾದದ್ದು: ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೆ, ನೂರು ಡಿಸ್ಕಿನ ಗುಂಪಿನಲ್ಲಿ 300 ಗಂಟೆಗೊಮ್ಮೆ ಯಾವುದಾದರೂ ಒಂದು ಕೆಡುತ್ತದೆ. ಡಿಸ್ಕ್ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆದ್ದರಿಂದಲೇ ಒಂದೇ ದತ್ತಾಂಶವನ್ನು ಎರಡು ಡಿಸ್ಕಿನಲ್ಲಿಡುವ ಪ್ರತಿಬಿಂಬ, ಕಳೆದದ್ದನ್ನು ಲೆಕ್ಕಹಾಕಿ ಮರಳಿ ಪಡೆಯುವ ಪ್ಯಾರಿಟಿಯಂಥ ರಕ್ಷಣೆ ಅನಿವಾರ್ಯವಾಯಿತು.

2000ದ ಸುಮಾರಿಗೆ ಮದರ್‌ಬೋರ್ಡಿನಲ್ಲೇ ರೇಡ್ ಚಿಪ್ ಕೂತಾಗ ಈ ವಿಚಾರ ಮನೆಗೆ ಬಂದಿತು. ಆದರೆ ಹಲವರು ಆರಿಸಿಕೊಂಡದ್ದು ‘ರೇಡ್ 0’. ಕಡತವನ್ನು ಎರಡು ಡಿಸ್ಕಿಗೆ ಚೂರುಚೂರಾಗಿ ಹಂಚಿ ವೇಗ ಗಳಿಸುವ ಈ ವಿಧಾನದಲ್ಲಿ ರಕ್ಷಣೆಯೇ ಇಲ್ಲ. ಒಂದು ಡಿಸ್ಕ್ ಹೋದರೆ ಎರಡರದ್ದೂ ಹೋಯಿತು. 1988ರ ಪ್ರಬಂಧದ ತಿರುಳನ್ನೇ ಬಿಟ್ಟು ಅದರ ವೇಗವನ್ನಷ್ಟೇ ತೆಗೆದುಕೊಂಡದ್ದು ಈ ಇತಿಹಾಸದ ಬೇಸರದ ತಿರುವು. ಆ ವೇಗದ ಆಸೆಯನ್ನೂ ಎಸ್‌ಎಸ್‌ಡಿಗಳು ಬೇಗನೆ ತೀರಿಸಿಬಿಟ್ಟವು. 2008ರ ನಂತರ ಆಪರೇಟಿಂಗ್ ಸಿಸ್ಟಮ್‌ಗೆ ಚಿಕ್ಕ ಎಸ್‌ಎಸ್‌ಡಿ, ಕಡತಗಳಿಗೆ ದೊಡ್ಡ ಹಾರ್ಡ್ ಡಿಸ್ಕ್ ಎಂಬ ಹಂಚಿಕೆ ಮನೆಮನೆಯ ರೂಢಿಯಾಯಿತು. ಈಗ ಮದರ್‌ಬೋರ್ಡಿನ ಎಂ.2 ಸ್ಲಾಟಿಗೆ ಕೇಬಲ್ ಕೂಡ ಬೇಡ, ಒಂದು ಸ್ಕ್ರೂ ಸಾಕು. ಆದರೆ ಕೆಲವು ಬೋರ್ಡುಗಳಲ್ಲಿ ಅಲ್ಲಿ ಡಿಸ್ಕ್ ಕೂರಿಸಿದರೆ ಒಂದೆರಡು ಸಾಟಾ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಕೈಪಿಡಿ ಓದಿಯೇ ಮುಂದುವರಿಯಬೇಕು.

ಉಳಿದದ್ದು ರಕ್ಷಣೆಯ ಪ್ರಶ್ನೆ. 2007ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಹೋಮ್ ಸರ್ವರ್, ಬೇರೆ ಬೇರೆ ಅಳತೆಯ ಡಿಸ್ಕುಗಳನ್ನು ಒಂದೇ ಕೊಳವಾಗಿಸಿ, ಆರಿಸಿದ ಫೋಲ್ಡರುಗಳನ್ನು ಎರಡೆರಡು ಕಡೆ ಇಡುತ್ತಿತ್ತು. ಮನೆಯವರಿಗೆಂದೇ ಯೋಚಿಸಿ ಮಾಡಿದ ಒಳ್ಳೆಯ ಪ್ರಯತ್ನ ಅದು. ಮುಂದಿನ ಆವೃತ್ತಿಯಲ್ಲಿ ಆ ಸೌಲಭ್ಯವನ್ನು ಕೈಬಿಟ್ಟರು. 2012ರ ವಿಂಡೋಸ್ 8ರಲ್ಲಿ ‘ಸ್ಟೋರೇಜ್ ಸ್ಪೇಸಸ್’ ಆಗಿ ಅದೇ ಆಶಯ ಮರಳಿತು. ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇನ್ನೂ ಮುಂದೆ ಹೋಗಿ, ಬರೆದ ಪ್ರತಿ ತುಣುಕಿಗೂ ಚೆಕ್‌ಸಮ್ ಇಟ್ಟು, ಸದ್ದಿಲ್ಲದೆ ಕೆಟ್ಟ ದತ್ತಾಂಶವನ್ನೂ ಹಿಡಿಯುತ್ತದೆ.

ಇಷ್ಟಾದರೂ ಪ್ರತಿಬಿಂಬ ಬ್ಯಾಕಪ್ ಅಲ್ಲ. ನೀವು ಅಳಿಸಿದ ಮದುವೆಯ ಫೋಟೊ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ಎರಡಕ್ಕೂ ಒಟ್ಟಿಗೆ ಬೀಗ ಹಾಕುತ್ತದೆ. ಸಿಡಿಲಿನ ಹೊಡೆತಕ್ಕೆ ಪೆಟ್ಟಿಗೆಯೊಳಗಿನ ಡಿಸ್ಕುಗಳೆಲ್ಲ ಒಮ್ಮೆಗೇ ಸುಟ್ಟುಹೋಗಬಹುದು. ಮಲೆನಾಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಹೊರಗೆ ಎಂಬ ಬ್ಯಾಕಪ್‌ನ 3-2-1 ಸೂತ್ರವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಎಂಬ ಛಾಯಾಗ್ರಾಹಕ. ಮನೆಗೆ ಮೂರು ಡಿಸ್ಕ್ ಕೊಳ್ಳುವವರಿದ್ದರೆ ನನ್ನ ಸಲಹೆ ಇಷ್ಟು: ಎರಡನ್ನು ಕಂಪ್ಯೂಟರಿನೊಳಗಿಡಿ, ಮೂರನೆಯದನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ, ತಿಂಗಳಿಗೊಮ್ಮೆ ಕಾಪಿ ಮಾಡಿ, ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ವರ್ಷಕ್ಕೆರಡು ಸಲ ಅದರಿಂದ ನಾಲ್ಕಾರು ಕಡತಗಳನ್ನು ತೆರೆದು ನೋಡಿ.