ಚೆಲ್ಟೆನ್‌ಹ್ಯಾಮ್ ದಾಖಲೆ ಪಟ್ಟಿಯಲ್ಲಿ ಕಾಣದ ವರ್ಷಗಳು

ತಾಲ್ಲೂಕು ಕ್ರೀಡಾಕೂಟದ ಫಲಿತಾಂಶ ಕಳಿಸುವಾಗ ನಾವು ಸ್ಟ್ರಿಂಗರ್‌ಗಳು ಬರೆಯುವುದು ಇಷ್ಟೇ: ಗೆದ್ದವರ ಹೆಸರು, ಊರು, ತೆಗೆದುಕೊಂಡ ಸಮಯ. ಯಾರಿಗೆ ಓಡಲು ಅವಕಾಶವೇ ಇರಲಿಲ್ಲ ಎಂಬುದಕ್ಕೆ ಪಟ್ಟಿಯಲ್ಲಿ ಜಾಗ ಇರುವುದಿಲ್ಲ. ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಕುದುರೆ ಓಟದ ದಾಖಲೆಗಳನ್ನು ಓದುತ್ತಾ ಹೋದಾಗ ನಮಗೆ ಅದೇ ಕಾಡಿತು.

ಬೆಂಗಳೂರು, ಮೈಸೂರಿನ ರೇಸ್‌ಗಳಲ್ಲಿ ಕುದುರೆಗಳು ಸಮತಟ್ಟಾದ ಹುಲ್ಲಿನ ಮೇಲೆ ಓಡುತ್ತವೆ. ಚೆಲ್ಟೆನ್‌ಹ್ಯಾಮ್‌ನಲ್ಲಿ ಹಾಗಲ್ಲ, ಬೇಲಿಗಳನ್ನು ಹಾರುತ್ತಾ ಓಡಬೇಕು. ಅಲ್ಲಿನ ದೊಡ್ಡ ಓಟವಾದ ಗೋಲ್ಡ್ ಕಪ್‌ನಲ್ಲಿ ಮೂರು ಮೈಲಿಗೂ ಹೆಚ್ಚು ದೂರ, 22 ಬೇಲಿ. ಪ್ರತಿ ಮಾರ್ಚ್‌ನಲ್ಲಿ ನಡೆಯುವ ಈ ಹಬ್ಬ 1911ರಿಂದ ಪ್ರೆಸ್ಟ್‌ಬರಿ ಪಾರ್ಕ್‌ನಲ್ಲಿ ನೆಲೆ ನಿಂತಿದೆ. ಜಿಗಿತದ ಗೋಲ್ಡ್ ಕಪ್ ಶುರುವಾಗಿದ್ದು 1924ರಲ್ಲಿ. ಮೂರು ದಿನಗಳ ಹಬ್ಬ 2005ರಲ್ಲಿ ನಾಲ್ಕು ದಿನಕ್ಕೆ ಬೆಳೆಯಿತು.

ದಾಖಲೆಗಳಲ್ಲಿ ಮೊದಲ ಹೆಸರು ಗೋಲ್ಡನ್ ಮಿಲ್ಲರ್. 1932ರಿಂದ 1936ರವರೆಗೆ ಸತತ ಐದು ಗೋಲ್ಡ್ ಕಪ್! ಬೇರೆ ಯಾವ ಕುದುರೆಯೂ ಅದನ್ನು ಮುಟ್ಟಿಲ್ಲ. ಆರ್ಕಲ್ (1964–66), ಬೆಸ್ಟ್ ಮೇಟ್ (2002–04) ಮೂರಕ್ಕೆ ನಿಂತವು. ಗೋಲ್ಡನ್ ಮಿಲ್ಲರ್‌ನ ಒಡತಿ ಡೊರೊಥಿ ಪ್ಯಾಜೆಟ್. ಆಕೆಯ ಕುದುರೆಗಳು ಒಟ್ಟು ಏಳು ಗೋಲ್ಡ್ ಕಪ್ ಗೆದ್ದವು. ಅಂದರೆ ದುಡ್ಡು ಕೊಟ್ಟು ಕುದುರೆ ಕೊಳ್ಳಲು ಹೆಣ್ಣಿಗೆ ಅಡ್ಡಿ ಇರಲಿಲ್ಲ. ಅದರ ಬೆನ್ನೇರಲು ಇತ್ತು.

ಕುದುರೆ ಪಳಗಿಸುವ ಪರವಾನಗಿಯನ್ನೂ ಹೆಂಗಸರಿಗೆ ಕೊಡುತ್ತಿರಲಿಲ್ಲ. ಕೆಲಸವೆಲ್ಲ ಆಕೆಯದು, ಪರವಾನಗಿ ಮಾತ್ರ ಲಾಯದ ಆಳಿನ ಹೆಸರಿನಲ್ಲಿ. ಫ್ಲಾರೆನ್ಸ್ ನೇಗಲ್ ಎಂಬಾಕೆ ಜಾಕಿ ಕ್ಲಬ್ಬನ್ನೇ ಕೋರ್ಟಿಗೆ ಎಳೆದ ಮೇಲೆ, 1966ರಲ್ಲಿ ಆ ಬಾಗಿಲು ತೆರೆಯಿತು. 18 ವರ್ಷಗಳ ನಂತರ ಜೆನ್ನಿ ಪಿಟ್‌ಮನ್ ಪಳಗಿಸಿದ ಬರೋ ಹಿಲ್ ಲ್ಯಾಡ್ ಗೋಲ್ಡ್ ಕಪ್ ಗೆದ್ದಿತು. ಮಹಿಳಾ ತರಬೇತುದಾರರಿಗೆ ಅದೇ ಮೊದಲು.

ಜಿಗಿತದ ಓಟದಲ್ಲಿ ಸವಾರಿಗೆ ಅನುಮತಿ ಸಿಕ್ಕಿದ್ದು ಇನ್ನೂ ತಡವಾಗಿ, ಲಿಂಗ ತಾರತಮ್ಯ ವಿರೋಧಿ ಕಾನೂನು ಬಂದ ಮೇಲೆ, 1976ರಲ್ಲಿ. ಏಳೇ ವರ್ಷದಲ್ಲಿ ಕ್ಯಾರೊಲಿನ್ ಬೀಸ್ಲಿ ಹಬ್ಬದಲ್ಲಿ ಒಂದು ಓಟ ಗೆದ್ದರು. ಗೋಲ್ಡ್ ಕಪ್ ಮಾತ್ರ ದೂರವೇ ಉಳಿಯಿತು.

ಇನ್ನೊಂದು ದಾಖಲೆ ಡಾನ್ ರನ್ ಎಂಬ ಹೆಣ್ಣು ಕುದುರೆಯದು. ಚಾಂಪಿಯನ್ ಹರ್ಡಲ್ (1984), ಗೋಲ್ಡ್ ಕಪ್ (1986) ಎರಡನ್ನೂ ಗೆದ್ದ ಏಕೈಕ ಕುದುರೆ ಅದು. ಐರ್ಲೆಂಡಿನ ಟ್ರಲೀಯಲ್ಲಿ ಅದರ ಮೊದಲ ಗೆಲುವಿನ ದಿನ ಬೆನ್ನ ಮೇಲಿದ್ದವರು ಒಡತಿ ಚಾರ್ಮಿಯನ್ ಹಿಲ್, ವಯಸ್ಸು 62. ಆಮೇಲೆ ವಯಸ್ಸಿನ ಕಾರಣಕ್ಕೆ ಅವರ ಸವಾರಿ ನಿಂತಿತು. ಚೆಲ್ಟೆನ್‌ಹ್ಯಾಮ್‌ನ ಆ ಎರಡೂ ಗೆಲುವಿನಲ್ಲಿ ಸವಾರ ಜಾನ್‌ಜೋ ಓ'ನೀಲ್.

2021ರಲ್ಲಿ ಕೋವಿಡ್‌ನಿಂದಾಗಿ ಗ್ಯಾಲರಿ ಖಾಲಿ. ಆ ಖಾಲಿ ಗ್ಯಾಲರಿಯ ಮುಂದೆ ಐರ್ಲೆಂಡಿನ ಟಿಪ್ಪರೇರಿಯ ಹೈನುಗಾರರ ಮಗಳು ರೇಚಲ್ ಬ್ಲ್ಯಾಕ್‌ಮೋರ್ 28 ಓಟಗಳಲ್ಲಿ ಆರನ್ನು ಗೆದ್ದು ಹಬ್ಬದ ಅಗ್ರ ಜಾಕಿಯಾದರು. ಹನಿಸಕಲ್ ಮೇಲೆ ಚಾಂಪಿಯನ್ ಹರ್ಡಲ್ ಕೂಡ ಅದರಲ್ಲಿ ಸೇರಿತ್ತು. ಮರುವರ್ಷ ಎ ಪ್ಲಸ್ ಟಾರ್ಡ್ ಮೇಲೆ ಗೋಲ್ಡ್ ಕಪ್ಪೂ ಬಂತು. 2025ರಲ್ಲಿ ಅವರು ನಿವೃತ್ತರಾದರು.

"ಗೋಲ್ಡ್ ಕಪ್ ಗೆದ್ದ ಮೊದಲ ಮಹಿಳೆ" ಎಂಬ ಶೀರ್ಷಿಕೆ ಸರಿಯೇ. ಆದರೆ 1924ರಿಂದ 2022ರವರೆಗಿನ 98 ವರ್ಷಗಳಲ್ಲಿ 52 ವರ್ಷ ಹೆಂಗಸರು ಸೋತಿರಲಿಲ್ಲ, ಅವರನ್ನು ಕಣಕ್ಕೇ ಬಿಟ್ಟಿರಲಿಲ್ಲ. ಆ ಒಂದು ಸಾಲು ಬರೆಯದಿದ್ದರೆ ಓದುಗರು ಇನ್ನೊಂದೇ ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ತಾಲ್ಲೂಕಿನಿಂದ "ಮೊದಲ ಮಹಿಳೆ" ಸುದ್ದಿ ಕಳಿಸುವಾಗ ಈಗ ನಾವು ಇನ್ನೊಂದು ಪ್ರಶ್ನೆ ಕೇಳುತ್ತೇವೆ: ಅಲ್ಲಿಯವರೆಗೆ ತಡೆದಿದ್ದ ನಿಯಮ ಯಾವುದು, ಅದು ಹೋಗಿದ್ದು ಯಾವಾಗ?