ಟೊರಿಸೆಲ್ಲಿ–ಲಾಟೆನ್‌ಬರ್ಗ್ ಅಭ್ಯರ್ಥಿ ಬದಲಾವಣೆ ವಿವಾದ (2002)

ಅಮೆರಿಕದ ನ್ಯೂಜೆರ್ಸಿಯಲ್ಲಿ ಸೆನೆಟ್ ಚುನಾವಣೆಗೆ 36 ದಿನ ಉಳಿದಿದ್ದಾಗ, 2002ರ ಸೆಪ್ಟೆಂಬರ್ 30ರಂದು, ಡೆಮಾಕ್ರಟಿಕ್ ಸೆನೆಟರ್ ರಾಬರ್ಟ್ ಟೊರಿಸೆಲ್ಲಿ ಉಡುಗೊರೆ ಪಡೆದ ಆರೋಪಗಳಿಂದ ನಲುಗಿ ಕಣದಿಂದ ಹಿಂದೆ ಸರಿದರು. ತೆರವಾದ ಅಭ್ಯರ್ಥಿ ಸ್ಥಾನಕ್ಕೆ ಬದಲಿಗೆ ಅವಕಾಶವಿದ್ದ ಗಡುವು ಮತದಾನಕ್ಕೆ 51 ದಿನ ಮೊದಲೇ ಮುಗಿದಿತ್ತು. ಸೋಲುವ ಸೂಚನೆ ಸಿಕ್ಕೊಡನೆ ಹುರಿಯಾಳನ್ನು ಬದಲಿಸುವುದು ಅನ್ಯಾಯ ಎಂದರು ರಿಪಬ್ಲಿಕನ್ನರು. ಆಕ್ಷೇಪ ಹಗುರವಾದುದಲ್ಲ: ಕೆಲವು ಅಂಚೆ ಮತಪತ್ರಗಳು ಆಗಲೇ ಹೊರಟಿದ್ದವು. ಆದರೆ ಗಡುವು ಇರುವುದು ಮತಪತ್ರಗಳನ್ನು ಮುದ್ರಿಸಿ ತಲುಪಿಸಲು. ಎದುರಾಳಿಗೆ ಖಾಲಿ ಕಣ ಒದಗಿಸಲು ಅಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಅಕ್ಟೋಬರ್ 2ರಂದು ಒಮ್ಮತದಿಂದ ಬದಲಾವಣೆಗೆ ಒಪ್ಪಿ, ಮರುಮುದ್ರಣದ ಖರ್ಚನ್ನು ಡೆಮಾಕ್ರಟರ ತಲೆಗೇ ಕಟ್ಟಿತು. ಹಾಗಾದರೆ ಕಾನೂನಿನಲ್ಲಿ ಬರೆದ 51ಕ್ಕೆ ಬೆಲೆಯೇನು? ತೀರ್ಪಿನ ದುರ್ಬಲ ಭಾಗ ಇದೇ. ನವೆಂಬರ್ 5ರಂದು ಬದಲಿ ಅಭ್ಯರ್ಥಿ ಫ್ರ್ಯಾಂಕ್ ಲಾಟೆನ್‌ಬರ್ಗ್, ರಿಪಬ್ಲಿಕನ್ ಅಭ್ಯರ್ಥಿ ಡಗ್ಲಸ್ ಫಾರೆಸ್ಟರ್ ಅವರನ್ನು ಸೋಲಿಸಿದರು.