ಸಮುರಾಯ್ ಚಿತ್ರಗಳು ಮತ್ತು ಎಳೆಯ ಪ್ರೇಕ್ಷಕರು: ‘ಸಂಜೂರೊ’, ‘ಹರಾಕಿರಿ’ಗಳ ತೌಲನಿಕ ನೋಟ

ಸಮುರಾಯ್ ಚಿತ್ರವೊಂದು ಮಕ್ಕಳಿಗೆ ತಕ್ಕುದೋ ಅಲ್ಲವೋ ಎಂಬುದನ್ನು ತೆರೆಯ ಮೇಲೆ ಹರಿದ ರಕ್ತದಿಂದ ಅಳೆಯುವುದು ವಾಡಿಕೆ. 1962ರಲ್ಲಿ ತೆರೆಕಂಡ ಎರಡು ಕಪ್ಪು-ಬಿಳುಪು ಚಿತ್ರಗಳೆದುರು ಈ ಅಳತೆ ನಿಲ್ಲುವುದಿಲ್ಲ. ಒಂದು ಅಕಿರಾ ಕುರೊಸಾವಾರ ‘ಸಂಜೂರೊ’, ಇನ್ನೊಂದು ಮಸಾಕಿ ಕೊಬಯಾಶಿಯವರ ‘ಹರಾಕಿರಿ’. ನಟ ತತ್ಸುಯಾ ನಕಡಾಯಿ ಎರಡರಲ್ಲೂ ಇದ್ದಾರೆ.

‘ಸಂಜೂರೊ’ದ ಕೊನೆಯ ದ್ವಂದ್ವಯುದ್ಧ ಕುಖ್ಯಾತ. ಎದುರಾಳಿಗಳಿಬ್ಬರೂ ಬಹಳ ಹೊತ್ತು ಅಲುಗಾಡದೆ ನಿಲ್ಲುತ್ತಾರೆ. ಒಂದೇ ಏಟಿಗೆ ನಕಡಾಯಿಯ ಎದೆಯಿಂದ ರಕ್ತ ಬುಗ್ಗೆಯಾಗಿ ಚಿಮ್ಮುತ್ತದೆ. ಆದರೆ ಅದು ಕೆಲವೇ ಕ್ಷಣಗಳ ದೃಶ್ಯ. ಗೆದ್ದ ನಾಯಕನನ್ನು ಹೊಗಳಿದ ತರುಣ ಸಮುರಾಯ್‌ಗಳಿಗೆ ಅವನಿಂದ ಸಿಗುವುದು ಬೈಗುಳ. ಒಳ್ಳೆಯ ಕತ್ತಿ ಒರೆಯಲ್ಲೇ ಇರುತ್ತದೆಂದು ವೃದ್ಧೆಯೊಬ್ಬಳು ಮೊದಲೇ ಹೇಳಿರುತ್ತಾಳೆ. ಉಳಿದಂತೆ ಚಿತ್ರದ ತುಂಬ ನಗೆಯಿದೆ: ಬೀರುವಿನಲ್ಲಿ ಕೂಡಿಹಾಕಿದ ಸೆರೆಯಾಳೇ ಆಗಾಗ ಹೊರಬಂದು ತನ್ನನ್ನು ಹಿಡಿದವರ ಚರ್ಚೆಗೆ ಸೇರಿಕೊಳ್ಳುತ್ತಾನೆ. ಹನ್ನೆರಡರ ಹುಡುಗನಿಗೆ, ಹಿರಿಯರೊಬ್ಬರು ಜೊತೆಗಿದ್ದರೆ, ಇದು ಭಾರವಾಗದು.

‘ಹರಾಕಿರಿ’ಯ ಸಂಗತಿ ಬೇರೆ. ಕಥೆಯ ಕಾಲ 1630. ತೊಕುಗಾವಾ ಆಳ್ವಿಕೆಯ ಶಾಂತಿಯಲ್ಲಿ ಒಡೆಯರನ್ನು ಕಳೆದುಕೊಂಡ ಸಮುರಾಯ್‌ಗಳು ದೊಡ್ಡ ಮನೆತನಗಳ ಬಾಗಿಲಿಗೆ ಬಂದು, ಅಂಗಳದಲ್ಲಿ ಹೊಟ್ಟೆ ಬಗೆದುಕೊಳ್ಳಲು ಅಪ್ಪಣೆ ಕೇಳುತ್ತಾರೆ. ನಾಲ್ಕು ಕಾಸು ಕೊಟ್ಟು ಸಾಗಹಾಕಿಯಾರೆಂಬ ಆಸೆ ಹಲವರದು. ಹೀಗೆ ಬಂದ ಮೊತೊಮೆ ಎಂಬ ಯುವಕನನ್ನು ಇಯಿ ಮನೆತನದವರು ನಿಜಕ್ಕೂ ಸಾಯುವಂತೆ ಬಲವಂತಪಡಿಸುತ್ತಾರೆ. ಬಡತನದಲ್ಲಿ ಕತ್ತಿಯನ್ನು ಮಾರಿದ್ದ ಅವನ ಬಳಿ ಇರುವುದು ಬಿದಿರಿನ ಅಲಗು. ಸುತ್ತ ಕುಳಿತವರ ಮುಖಗಳನ್ನೂ ತೋರಿಸುವ ಕ್ಯಾಮೆರಾ ಆ ಯಾತನೆಯನ್ನು ಬೇಗ ಮುಗಿಸಲೊಲ್ಲದು. ಮನೆಯಲ್ಲಿ ಕಾಯಿಲೆಯ ಹೆಂಡತಿ, ಜ್ವರದ ಕೂಸು ಅವನಿಗಾಗಿ ಕಾಯುತ್ತಿದ್ದರೆಂದು ನೋಡುಗರಿಗೆ ತಿಳಿಯುವುದು ಆಮೇಲೆ. ಅವರೂ ಉಳಿಯುವುದಿಲ್ಲ.

ಇಲ್ಲಿ ವಯಸ್ಸಿನ ಪ್ರಶ್ನೆ ಎದೆಗಟ್ಟಿತನದ್ದಷ್ಟೇ ಅಲ್ಲ, ವ್ಯಂಗ್ಯ ಹಿಡಿಯುವ ಶಕ್ತಿಯದೂ ಹೌದು. ಚಿತ್ರದ ಸಿಟ್ಟು ಇರುವುದು ಮಾನದ ಹೆಸರಿನ ಕ್ರೌರ್ಯದ ಮೇಲೆ. ಕೊನೆಯಲ್ಲಿ ಮನೆತನದ ದಿನಚರಿ ನಡೆದದ್ದನ್ನು ಮರೆಮಾಚಿ, ತನ್ನವರ ಸಾವನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯುತ್ತದೆ. ಆ ಸುಳ್ಳನ್ನು ಸುಳ್ಳೆಂದು ಓದಲಾಗದ ಮಗುವಿಗೆ ಆತ್ಮಹತ್ಯೆಯೇ ಘನತೆಯಾಗಿ ಕಂಡೀತು. ಅಪಾಯವಿರುವುದು ಇಲ್ಲಿ, ಬಿದಿರಿನ ಅಲಗಿನಲ್ಲಿ ಅಷ್ಟಾಗಿ ಅಲ್ಲ. ಹದಿನಾರಕ್ಕೆ ಮುಂಚೆ ಈ ಚಿತ್ರ ಬೇಡವೆನ್ನಲು ಇಷ್ಟು ಕಾರಣ ಸಾಕು.

ಕುರೊಸಾವಾರ ‘ಸೆವೆನ್ ಸಮುರಾಯ್’ (1954) ಇವೆರಡರ ನಡುವೆ ನಿಲ್ಲುತ್ತದೆ. ಏಳು ಸಮುರಾಯ್‌ಗಳಲ್ಲಿ ಸಾಯುವ ನಾಲ್ವರೂ ಕೋವಿಯ ಗುಂಡಿಗೆ ಬಲಿ. ಕತ್ತಿವರಸೆಯ ಮೋಹಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಡಕಾಯಿತರು ಹೊತ್ತೊಯ್ದ ರೈತನ ಹೆಂಡತಿ ಗಂಡನನ್ನು ಕಂಡೊಡನೆ ಉರಿಯುವ ಮನೆಯೊಳಕ್ಕೆ ಮರಳಿ ಓಡುವುದೇಕೆಂದು ಎಳೆಯರಿಗೆ ವಿವರಿಸುವುದು ಸುಲಭವಲ್ಲ. 207 ನಿಮಿಷಗಳ ಉದ್ದವೂ ಒಂದು ತೊಡಕೇ.

ಜಪಾನಿನ ಎಯಿರಿನ್ ಸಂಸ್ಥೆ ಚಿತ್ರಗಳನ್ನು ನೋಡುಗರ ವಯಸ್ಸಿಗೆ ತಕ್ಕಂತೆ ಜಿ, ಪಿಜಿ12, ಆರ್15+, ಆರ್18+ ಎಂದು ವಿಂಗಡಿಸುತ್ತದೆ. ಭಾರತದಲ್ಲಿ ಚಲನಚಿತ್ರ ಕಾಯ್ದೆಯ 2023ರ ತಿದ್ದುಪಡಿ ಯುಎ ವರ್ಗವನ್ನು 7, 13, 16ರ ಮೆಟ್ಟಿಲುಗಳಾಗಿ ಒಡೆಯಿತು. ಹಿಂದಿನ ಒಂದೇ ಮುದ್ರೆಗಿಂತ ಇದು ಮೇಲು; ‘ಸಂಜೂರೊ’ವನ್ನೂ ‘ಹರಾಕಿರಿ’ಯನ್ನೂ ಬೇರೆ ಬೇರೆ ಮೆಟ್ಟಿಲಲ್ಲಿಡಲು ಈಗ ಜಾಗವಿದೆ.